ಡರ್ಟಿ ಪೈಪ್: ಬೀಗ ಇತ್ತು, ಕಾವಲು ಇರಲಿಲ್ಲ

ಲಿನಕ್ಸ್‌ನಲ್ಲಿ ಪ್ರತಿ ಫೈಲಿಗೂ ಯಾರು ಓದಬಹುದು, ಯಾರು ಬರೆಯಬಹುದು ಅನ್ನೋ ಅನುಮತಿ ಇರುತ್ತೆ. ಎಂಜಿನಿಯರಿಂಗ್ ಓದುವಾಗ ಅದನ್ನು ಮೀರೋಕೆ ಆಗಲ್ಲ ಅಂತ ನಂಬಿದ್ದೆ. 2022ರ ಮಾರ್ಚ್ 7ರಂದು ಬಹಿರಂಗವಾದ ‘ಡರ್ಟಿ ಪೈಪ್’ ದೋಷ ಆ ನಂಬಿಕೆ ಮುರಿಯಿತು.

ಶುರುವಾಗಿದ್ದು ಸಣ್ಣ ದೂರಿನಿಂದ. 2021ರ ಏಪ್ರಿಲ್‌ನಲ್ಲಿ ಗ್ರಾಹಕರೊಬ್ಬರು, ಡೌನ್‌ಲೋಡ್ ಮಾಡಿದ ಲಾಗ್ ಫೈಲ್ ತೆರೆಯುತ್ತಿಲ್ಲ ಎಂದರು. ಅದೇ ತೊಂದರೆ ಮರುಕಳಿಸಿತು. ಬೆನ್ನು ಹತ್ತಿದ ಜರ್ಮನಿಯ ಪ್ರೋಗ್ರಾಮರ್ ಮ್ಯಾಕ್ಸ್ ಕೆಲ್ಲರ್‌ಮನ್‌ಗೆ ತಪ್ಪು ಸಿಕ್ಕಿದ್ದು ಕರ್ನೆಲ್‌ನಲ್ಲೇ.

ಫೈಲ್ ಓದುವಾಗ ಕರ್ನೆಲ್ ಅದರ ಪ್ರತಿಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತೆ. ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಡೇಟಾ ದಾಟಿಸುವ ‘ಪೈಪ್’ಗೆ ಆ ಪ್ರತಿಯನ್ನೇ ಜೋಡಿಸಬಹುದು. ಹಾಗೆ ಜೋಡಿಸುವಾಗ ಹಳೆಯ ಫ್ಲ್ಯಾಗ್ ಒಂದನ್ನು ಅಳಿಸೋದು ಬಿಟ್ಟುಹೋಗಿತ್ತು. ಪರಿಣಾಮ: ಪೈಪ್‌ಗೆ ಬರೆದದ್ದು ಫೈಲಿನ ಪ್ರತಿಯ ಮೇಲೇ ಬೀಳುತ್ತಿತ್ತು. ಅನುಮತಿ ಕೇಳುವವರೇ ಇಲ್ಲ! ಸಾಮಾನ್ಯ ಬಳಕೆದಾರ ಬಳಕೆದಾರರ ಪಟ್ಟಿಯ ಫೈಲನ್ನೇ ತಿದ್ದಿ, ಇಡೀ ಯಂತ್ರದ ಒಡೆಯನಾಗಬಹುದಿತ್ತು.

2020ರ 5.8 ಆವೃತ್ತಿಯಿಂದ ಈ ಅಪಾಯವಿತ್ತು. ಹೊಸ ಕರ್ನೆಲ್ ಇದ್ದ ಕೆಲವು ಆಂಡ್ರಾಯ್ಡ್ ಫೋನ್‌ಗಳಿಗೂ ತಟ್ಟಿತು. ಫೆಬ್ರವರಿ 20ರಂದು ವರದಿ, 23ಕ್ಕೆ ದುರಸ್ತಿ: 5.16.11, 5.15.25, 5.10.102. ಆದರೆ ಫೋನ್‌ಗೆ ಅದನ್ನು ತಯಾರಕರೇ ಕಳಿಸಬೇಕು. ಅಪ್‌ಡೇಟ್ ನಿಂತ ಫೋನ್‌ಗೆ ಇಂಥ ದುರಸ್ತಿ ತಲುಪೋದೇ ಇಲ್ಲ.

ಕೋಡ್ ತೆರೆದಿತ್ತು, ಹಾಗಾಗಿ ಒಂದು ದೂರು ಬುಡ ಮುಟ್ಟಿತು. ‘ನಮ್ಮ ಸಿಸ್ಟಂ ಭದ್ರ’ ಅಂತ ಸರ್ಕಾರವೋ ಕಂಪನಿಯೋ ಹೇಳಿದಾಗ ನಾನು ಕೇಳೋದು ಮೂರೇ: ಕೋಡ್ ನೋಡಬಹುದಾ? ದೂರು ಯಾರಿಗೆ ಕೊಡಬೇಕು? ದುರಸ್ತಿ ಎಷ್ಟು ದಿನದಲ್ಲಿ?