ಮಲೆನಾಡಿನ ಹಿತ್ತಿಲಿಗೆ ಉಬ್ಬರವಿಳಿತದ ಜಲಕೃಷಿ: ಪಂಪ್ ನಿಯಂತ್ರಕವನ್ನು ಮನೆಯಲ್ಲೇ ರೂಪಿಸುವ ಬಗೆ

ಚಿಕ್ಕಮಗಳೂರು: ಮುಂಗಾರು ಬಲಗೊಂಡಿತೆಂದರೆ ಮೂಡಿಗೆರೆ, ಕಳಸ ಭಾಗದ ಮನೆಗಳ ಹಿತ್ತಿಲಿನಲ್ಲಿ ತರಕಾರಿಯ ಕಾಲ ಮುಗಿಯಿತೆಂದೇ ಅರ್ಥ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ಸೊಪ್ಪಿನ ಮಡಿಗಳು ಕೊಳೆಯುತ್ತವೆ, ಟೊಮೆಟೊ ಬುಡದಲ್ಲಿ ನೀರು ನಿಲ್ಲುತ್ತದೆ, ಉಳಿದುದನ್ನು ಬಸವನಹುಳು ಮುಗಿಸುತ್ತದೆ. ಕಾಫಿ, ಏಲಕ್ಕಿ, ಮೆಣಸು ಬೆಳೆಯುವ ಮನೆಯೂ ಆ ದಿನಗಳಲ್ಲಿ ಬಯಲುಸೀಮೆಯಿಂದ ಬರುವ ಕೊತ್ತಂಬರಿಗಾಗಿ ಸಂತೆಯ ದಾರಿ ಕಾಯಬೇಕು. ಪಾರದರ್ಶಕ ಹಾಳೆ ಹೊದಿಸಿದ ಮಾಡಿನ ಕೆಳಗೆ, ಮಣ್ಣಿಲ್ಲದೆ ತರಕಾರಿ ಬೆಳೆಯುವ ಜಲಕೃಷಿ ಇಂತಹ ಕಡೆ ಉಪಯೋಗಕ್ಕೆ ಬರುತ್ತದೆ. ಆದರೆ ಅದರಲ್ಲಿ ಪಂಪ್ ಚಾಲೂ ಮಾಡುವ, ನಿಲ್ಲಿಸುವ ಪುಟ್ಟ ಪೆಟ್ಟಿಗೆಯೇ ಜೀವಾಳ. ವಿದ್ಯುತ್ ಯಾವಾಗ ಹೋಗುವುದೋ, ಯಾವಾಗ ಬರುವುದೋ ತಿಳಿಯದ ಊರಿನಲ್ಲಿ ಈ ಪೆಟ್ಟಿಗೆಯನ್ನು ಪೇಟೆಯ ಮಾದರಿಯಲ್ಲಿ ಕಟ್ಟಿದರೆ ಗಿಡ ಉಳಿಯುವುದಿಲ್ಲ.

ಉಬ್ಬರವಿಳಿತ ಎಂದರೇನು?

ಇದನ್ನು ಇಂಗ್ಲಿಷಿನಲ್ಲಿ ಎಬ್ ಆ್ಯಂಡ್ ಫ್ಲೋ ಎನ್ನುತ್ತಾರೆ. ಮೇಲೊಂದು ಟ್ರೇ, ಅದರ ಕೆಳಗೆ ಪೋಷಕಾಂಶ ಬೆರೆಸಿದ ನೀರಿನ ಡ್ರಮ್. ಟ್ರೇಯಲ್ಲಿ ಜಲ್ಲಿ, ಸುಟ್ಟ ಜೇಡಿಯ ಉಂಡೆ ಅಥವಾ ತೆಂಗಿನ ನಾರಿನ ಪುಡಿ ತುಂಬಿ ಗಿಡ ನೆಟ್ಟಿರುತ್ತದೆ. ಪಂಪ್ ಚಾಲೂ ಆದಾಗ ನೀರು ಟ್ರೇಯ ತಳದಿಂದ ಏರುತ್ತ ಬೇರುಗಳನ್ನು ಮುಳುಗಿಸುತ್ತದೆ. ಪಂಪ್ ನಿಂತೊಡನೆ ಅದೇ ದಾರಿಯಲ್ಲಿ ಡ್ರಮ್ಮಿಗೆ ಇಳಿದು ಹೋಗುತ್ತದೆ. ಇಳಿಯುವ ನೀರು ತನ್ನ ಹಿಂದೆ ಹೊಸ ಗಾಳಿಯನ್ನು ಬೇರಿನೆಡೆಗೆ ಸೆಳೆಯುತ್ತದೆ. ಮಳೆಗಾಲದ ಮಡಿಯಲ್ಲಿ ಬೇರಿಗೆ ಸಿಗದೆ ಹೋಗುವುದು ಈ ಗಾಳಿಯೇ.

ಪದ್ಧತಿ ಹೊಸತಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡಬ್ಲ್ಯು.ಎಫ್. ಗೆರಿಕೆ ‘ಹೈಡ್ರೋಪೋನಿಕ್ಸ್’ ಎಂಬ ಪದವನ್ನು 1937ರಲ್ಲಿ ಬಳಕೆಗೆ ತಂದರು. ಜಲ್ಲಿಯ ತಳದಿಂದ ದ್ರಾವಣ ಏರಿಸಿ ಇಳಿಸುವ ವಿಧಾನವೂ ಅಮೆರಿಕದಲ್ಲಿ ಅದೇ ದಶಕದಲ್ಲಿ ರೂಪುಗೊಂಡಿತು. ಭಾರತದಲ್ಲಿ ಜೇಮ್ಸ್ ಶೋಲ್ಟೊ ಡಗ್ಲಾಸ್ 1946ರಲ್ಲಿ ಬಂಗಾಳದ ಕಾಲಿಂಪಾಂಗ್‌ನಲ್ಲಿ ಪ್ರಯೋಗ ನಡೆಸಿ, ಕೈಗೆ ಸಿಗುವ ಸಾಮಗ್ರಿಯಿಂದಲೇ ಮಣ್ಣಿಲ್ಲದ ಬೇಸಾಯ ಸಾಧ್ಯವೆಂದು ತೋರಿಸಿದರು. ಅದೂ ಮಳೆ ಸುರಿಯುವ ಬೆಟ್ಟದ ಊರೇ ಎಂಬುದು ಗಮನಾರ್ಹ.

ಮೊದಲು ಕೊಳವೆ, ಆಮೇಲೆ ವಿದ್ಯುನ್ಮಾನ

ನಿಯಂತ್ರಕ ಕಟ್ಟಲು ಹೊರಡುವವರು ಸಾಮಾನ್ಯವಾಗಿ ಸರ್ಕ್ಯೂಟ್‌ನಿಂದ ಆರಂಭಿಸುತ್ತಾರೆ. ಇದು ತಪ್ಪು ಕ್ರಮ. ಸರ್ಕ್ಯೂಟ್ ಕೆಟ್ಟಾಗಲೂ ನೀರು ನೆಲಕ್ಕೆ ಚೆಲ್ಲದಂತೆ, ಬೇರು ಮುಳುಗಿಯೇ ಉಳಿಯದಂತೆ ನೋಡಿಕೊಳ್ಳುವುದು ಕೊಳವೆಗಳ ಕೆಲಸ.

ಉದಾಹರಣೆಗೆ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಟ್ರೇ ತೆಗೆದುಕೊಳ್ಳಬಹುದು. ಅದರಲ್ಲಿ ನೀರು 12 ಸೆಂಟಿಮೀಟರ್ ಏರಬೇಕಾದರೆ ಖಾಲಿ ಟ್ರೇಗೆ ಸುಮಾರು 90 ಲೀಟರ್ ಬೇಕು. ಜಲ್ಲಿ ತುಂಬಿದ ಮೇಲೆ ಉಳಿಯುವ ಸಂದು ಶೇ 40ರಷ್ಟು ಮಾತ್ರವಾದ್ದರಿಂದ 35 ಲೀಟರ್ ಸಾಕು. ಡ್ರಮ್ ಅದರ ಎರಡರಷ್ಟಾದರೂ ಹಿಡಿಯುವಂತಿರಲಿ. ಗಂಟೆಗೆ ಸಾವಿರ ಲೀಟರ್ ಎಂದು ಬರೆದಿರುವ ಕೂಲರ್ ಪಂಪ್ ಮೂರು ಅಡಿ ಎತ್ತರಕ್ಕೆ ಅದರ ಅರ್ಧದಷ್ಟನ್ನು ಎತ್ತಿದರೂ ನಾಲ್ಕೈದು ನಿಮಿಷದಲ್ಲಿ ಟ್ರೇ ತುಂಬುತ್ತದೆ.

ನೀರು ನಿಗದಿತ ಮಟ್ಟ ದಾಟದಂತೆ ಟ್ರೇಯಲ್ಲಿ ಒಂದು ನಿಂತ ಕೊಳವೆ ಇರಬೇಕು. ಹೆಚ್ಚಾದ ನೀರು ಅದರ ಬಾಯಿಯಿಂದ ಡ್ರಮ್ಮಿಗೆ ಮರಳುತ್ತದೆ. ನೀರು ಬರುವ ಕೊಳವೆ ಅರ್ಧ ಇಂಚಿನದಾದರೆ ಇದು ಒಂದು ಇಂಚಿನದಿರಬೇಕು, ಬಾಯಿಗೆ ಜಾಲರಿ ಇರಬೇಕು. ಡ್ರಮ್ಮಿನ ನೀರಿನ ಮಟ್ಟ ಯಾವ ಕಾರಣಕ್ಕೂ ಟ್ರೇಗಿಂತ ಮೇಲಿರಕೂಡದು. ಇದ್ದರೆ ಪಂಪ್ ನಿಂತ ಮೇಲೂ ನೀರು ಸೈಫನ್ ಆಗಿ ಹರಿಯುತ್ತಲೇ ಇರುತ್ತದೆ.

ಕಾಫಿ ತೋಟದವರು ವಿಶೇಷವಾಗಿ ಎಡವುವ ಜಾಗವೊಂದಿದೆ. ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಹಾಕಿ ಪಳಗಿದ ಕೈ, ಪಂಪ್ ಎಂದೊಡನೆ ಫುಟ್ ವಾಲ್ವ್ ಹುಡುಕುತ್ತದೆ. ಇಲ್ಲಿ ಫುಟ್ ವಾಲ್ವ್ ಆಗಲಿ, ನೀರು ಹಿಂದಿರುಗದಂತೆ ತಡೆಯುವ ಇನ್ನಾವ ವಾಲ್ವ್ ಆಗಲಿ ಕೂಡದು. ನಿಂತ ಪಂಪಿನ ಮೂಲಕವೇ ನೀರು ಇಳಿಯಬೇಕು. ವಿದ್ಯುತ್ ಹೋದ ಕ್ಷಣದಲ್ಲಿ ಟ್ರೇ ತಾನಾಗಿ ಬರಿದಾಗುವುದು ಈ ಕಾರಣದಿಂದಲೇ.

ನೀರಿನ ಮಟ್ಟವೇ ನಿರ್ಧಾರ ಕೈಗೊಳ್ಳುವ ಏರ್ಪಾಡು ರಾಜ್ಯಕ್ಕೆ ಅಪರಿಚಿತವೇನಲ್ಲ. ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ಸೈಫನ್‌ಗಳು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲೂ, ಶರಾವತಿಯ ಹಿರೇಭಾಸ್ಕರ ಅಣೆಕಟ್ಟಿನಲ್ಲೂ ಅಳವಡಿಕೆಯಾದವು. ನೀರು ಮಟ್ಟ ಮೀರಿದೊಡನೆ ಯಾರೂ ಬಾಗಿಲೆತ್ತದೆ ಹೆಚ್ಚುವರಿ ನೀರು ಹೊರಹೋಗುವುದು ಅವುಗಳ ವೈಶಿಷ್ಟ್ಯ. ಹಿರೇಭಾಸ್ಕರ ಈಗ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದ್ದು, ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಜಲಕೃಷಿಯಲ್ಲಿಯೂ ಗಂಟೆಯಾಕಾರದ ಮುಚ್ಚಳದ ಸೈಫನ್ ಬಳಸಿ ಟ್ರೇ ಬರಿದು ಮಾಡುವವರಿದ್ದಾರೆ. ಆದರೆ ಕೆಳಗಿಳಿದ ದ್ರಾವಣವನ್ನು ಮತ್ತೆ ಮೇಲೇರಿಸಲು ಪಂಪ್ ಬೇಕೇ ಬೇಕು.

ಗಡಿಯಾರದ ಸಮಸ್ಯೆ

ಅಂಗಡಿಯಲ್ಲಿ ಸಿಗುವ, ಹಲ್ಲುಗಳನ್ನು ಒತ್ತಿ ಸಮಯ ನಿಗದಿಪಡಿಸುವ ತಿರುಗುವ ಟೈಮರ್ ಅತಿ ಸರಳ. 24 ಗಂಟೆಯನ್ನು ಅದು 15 ನಿಮಿಷಗಳ 96 ಭಾಗ ಮಾಡಿರುತ್ತದೆ. ಪೇಟೆಯ ಮನೆಗೆ ಇಷ್ಟೇ ಸಾಕಾದೀತು. ವಿದ್ಯುತ್ ಹೋದಾಗ ಅದರ ಗಡಿಯಾರವೂ ನಿಲ್ಲುತ್ತದೆ. ಎಂಟು ಗಂಟೆ ವಿದ್ಯುತ್ ಇಲ್ಲದಿದ್ದರೆ ಬೆಳಿಗ್ಗೆ ಎಂಟರ ನೀರು ಸಂಜೆ ನಾಲ್ಕಕ್ಕೆ ಬರುತ್ತದೆ. ಒಂದು ವಾರದ ಮಳೆಯಲ್ಲಿ ಹಗಲು ರಾತ್ರಿಗಳೇ ಅದಲು ಬದಲಾಗುತ್ತವೆ.

ಹವ್ಯಾಸಿಗಳ ಮೆಚ್ಚಿನ 555 ಐಸಿ ಕಡಿಮೆ ಅವಧಿಗೆ ಒಳ್ಳೆಯದು. ಒಂದು ಮೆಗಾಓಮ್ ರೆಸಿಸ್ಟರ್, ಸಾವಿರ ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿದರೆ ಲೆಕ್ಕದಂತೆ 1100 ಸೆಕೆಂಡು, ಅಂದರೆ 18 ನಿಮಿಷ ಸಿಗುತ್ತದೆ. ಗಂಟೆಗಟ್ಟಲೆ ಅಂತರಕ್ಕೆ ಅದನ್ನು ನಂಬುವಂತಿಲ್ಲ. ದೊಡ್ಡ ಕೆಪ್ಯಾಸಿಟರ್‌ಗಳು ಒಳಗೊಳಗೇ ಸೋರುತ್ತವೆ. ಸಿಡಿ4060 ಎಂಬ ಎಣಿಕೆಯ ಐಸಿ ಮೇಲು. ಸೆಕೆಂಡಿಗೊಂದು ಮಿಡಿತ ಕೊಟ್ಟರೆ ಅದರ ಕೊನೆಯ ಹಂತ 8192 ಸೆಕೆಂಡಿಗೆ, ಅಂದರೆ ಸುಮಾರು 2 ಗಂಟೆ 16 ನಿಮಿಷಕ್ಕೆ ಬದಲಾಗುತ್ತದೆ. ಆ ಬದಲಾವಣೆಯಿಂದ 555ನ್ನು ಹತ್ತು ನಿಮಿಷ ಎಚ್ಚರಿಸಬಹುದು. ಆದರೂ ವಿದ್ಯುತ್ ಹೋಗಿ ಬಂದಾಗಲೆಲ್ಲ ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆ. ಎರಡು ಗಂಟೆಗೊಮ್ಮೆ ಕಣ್ಣು ಮಿಟುಕಿಸುವ ವಿದ್ಯುತ್ ಇದ್ದ ದಿನ ಗಿಡಕ್ಕೆ ಒಂದು ಹನಿಯೂ ಸಿಗದು.

ಹಾಗಾಗಿ ಮಲೆನಾಡಿಗೆ ಸಲ್ಲುವುದು ತನ್ನದೇ ಬ್ಯಾಟರಿಯಿರುವ ಗಡಿಯಾರ. ಆರ್ಡುಯಿನೊ ಬೋರ್ಡಿಗೆ ಡಿಎಸ್3231 ಎಂಬ ಗಡಿಯಾರದ ಐಸಿ ಜೋಡಿಸಿದರೆ, ಗುಂಡಿಯಾಕಾರದ ಚಿಕ್ಕ ಬ್ಯಾಟರಿಯ ಬಲದಲ್ಲಿ ಅದು ಕತ್ತಲೆಯಲ್ಲೂ ಓಡುತ್ತಿರುತ್ತದೆ. ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ನಿಮಿಷದ ವ್ಯತ್ಯಾಸ ಬರಬಹುದು. ಬೋರ್ಡಿನ ಒಳಗಿನ ಮಿಲಿಸೆಕೆಂಡ್ ಎಣಿಕೆಯನ್ನೇ ನೆಚ್ಚುವವರು ಎಚ್ಚರ ವಹಿಸಬೇಕು. ಆ ಎಣಿಕೆ 49.7 ದಿನಗಳಿಗೊಮ್ಮೆ ಸೊನ್ನೆಗೆ ಮರಳುತ್ತದೆ. ಈಗಿನ ಎಣಿಕೆಯಿಂದ ಹಿಂದಿನದನ್ನು ಕಳೆದು ಅವಧಿ ಲೆಕ್ಕ ಹಾಕುವಂತೆ ಪ್ರೋಗ್ರಾಂ ಬರೆದರೆ ತೊಂದರೆಯಿಲ್ಲ. ಬೇರೆ ರೀತಿ ಬರೆದರೆ ಐವತ್ತನೆಯ ದಿನ ಪಂಪ್ ನಿಲ್ಲದೇ ಹೋಗಬಹುದು.

ಪೆಟ್ಟಿಗೆಯೊಳಗೆ ಏನಿರಬೇಕು

ಒದ್ದೆ ನೆಲ, ಬರಿಗಾಲು, 230 ವೋಲ್ಟ್ ಒಂದೆಡೆ ಸೇರುವುದು ಪ್ರಾಣಾಪಾಯ. ಆದುದರಿಂದ 12 ವೋಲ್ಟ್ ಡಿಸಿ ಪಂಪನ್ನೇ ಆರಿಸಿಕೊಳ್ಳುವುದು ವಿವೇಕ. ಕೂಲರ್ ಪಂಪ್ ಬಳಸಲೇಬೇಕೆಂದರೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದೆ ಜೋಡಿಸಕೂಡದು.

12 ವೋಲ್ಟ್‌ನ ಇನ್ನೊಂದು ಲಾಭವೆಂದರೆ ಬ್ಯಾಟರಿಯ ಆಸರೆ. ಒಂದೂವರೆ ಆಂಪಿಯರ್ ಎಳೆಯುವ ಪಂಪ್ ದಿನಕ್ಕೆ ನಾಲ್ಕು ಬಾರಿ, ಹತ್ತು ಹತ್ತು ನಿಮಿಷ ಓಡಿದರೆ ಖರ್ಚು ಒಂದು ಆಂಪಿಯರ್-ಅವರ್ ಮಾತ್ರ. ಸುಮಾರು 50 ಮಿಲಿಆಂಪಿಯರ್ ಎಳೆಯುವ ಆರ್ಡುಯಿನೊ ಬೋರ್ಡು ಇಡೀ ದಿನಕ್ಕೆ 1.2 ಆಂಪಿಯರ್-ಅವರ್ ತಿನ್ನುತ್ತದೆ. ಆಳಿಗಿಂತ ಮೇಸ್ತ್ರಿಯ ಊಟವೇ ಹೆಚ್ಚು! ಎರಡೂ ಸೇರಿದರೂ 7 ಆಂಪಿಯರ್-ಅವರ್ ಬ್ಯಾಟರಿ ಎರಡು ದಿನ ನಿಭಾಯಿಸುತ್ತದೆ. ಮರ ಬಿದ್ದು ತಂತಿ ಹರಿದು, ಮೆಸ್ಕಾಂ ಸಿಬ್ಬಂದಿ ಕಾಡಿನ ನಡುವಿನ ಕಂಬ ತಲುಪುವವರೆಗೆ ಇಷ್ಟು ಅವಕಾಶ ಬೇಕಾಗುತ್ತದೆ.

ಪಂಪ್ ಚಾಲೂ ಮಾಡಲು ಒಂದು ರಿಲೇ ಸಾಕು. ಮಾರುಕಟ್ಟೆಯ ಅನೇಕ ರಿಲೇ ಬೋರ್ಡುಗಳು ಸಂಕೇತ ಶೂನ್ಯವಾದಾಗ ಚಾಲೂ ಆಗುವಂಥವು. ಪ್ರೋಗ್ರಾಂನ ಮೊದಲ ಸಾಲುಗಳಲ್ಲೇ ರಿಲೇ ಆರಿರುವಂತೆ ನೋಡಿಕೊಳ್ಳದಿದ್ದರೆ ವಿದ್ಯುತ್ ಬಂದಾಗಲೆಲ್ಲ ಪಂಪ್ ಒಮ್ಮೆ ಗುಡುಗುತ್ತದೆ.

ಎರಡು ಫ್ಲೋಟ್ ಸ್ವಿಚ್ ಬೇಕು. ಡ್ರಮ್ಮಿನ ತಳದಲ್ಲಿರುವುದು ನೀರಿಲ್ಲದೆ ಪಂಪ್ ಓಡಿ ಸುಡುವುದನ್ನು ತಪ್ಪಿಸುತ್ತದೆ. ಟ್ರೇಯದು ನಿಂತ ಕೊಳವೆಯ ಬಾಯಿಗಿಂತ ಒಂದು ಬೆರಳು ಮೇಲಿರಬೇಕು. ಬೇರೋ ನಾರೋ ಕೊಳವೆಯನ್ನು ಕಟ್ಟಿದಾಗ ಮಾತ್ರ ಅದಕ್ಕೆ ಕೆಲಸ. ಎರಡನ್ನೂ, ತಂತಿ ಕೂಡಿರುವಾಗ ಮಾತ್ರ ಪಂಪ್ ಓಡಬಹುದೆಂಬ ಕ್ರಮದಲ್ಲಿ ಜೋಡಿಸಬೇಕು. ಆಗ ಇಲಿ ತಂತಿ ಕಡಿದರೂ ಆಗುವ ಕೆಡುಕು ಪಂಪ್ ನಿಲ್ಲುವುದಷ್ಟೆ.

ಇಷ್ಟರ ಮೇಲೆ ಪ್ರೋಗ್ರಾಂನಲ್ಲಿಯೇ ಒಂದು ಮಿತಿ ಇರಲಿ: ಯಾವ ಕಾರಣಕ್ಕೂ 15 ನಿಮಿಷಕ್ಕಿಂತ ಹೆಚ್ಚು ಹೊತ್ತು ಪಂಪ್ ಓಡದು. ಕೊನೆಯ ಬಾರಿ ನೀರು ಏರಿಸಿದ ಸಮಯವನ್ನು ಬೋರ್ಡಿನ ಕಾಯಂ ಸ್ಮೃತಿಯಲ್ಲಿ ಬರೆದಿಡಬೇಕು. ವಿದ್ಯುತ್ ಮರಳಿದಾಗ ನಿಯಂತ್ರಕ ಐದು ನಿಮಿಷ ಕಾದು, ನಿಗದಿತ ಅಂತರ ಮೀರಿದೆಯೇ, ಹಗಲೇ ಎಂದು ನೋಡಿ ಒಮ್ಮೆ ಮಾತ್ರ ನೀರು ಏರಿಸಬೇಕು. ತಪ್ಪಿಹೋದ ನಾಲ್ಕು ಸರದಿಗಳನ್ನು ಒಟ್ಟಿಗೆ ತೀರಿಸಹೊರಡುವ ಪ್ರೋಗ್ರಾಂ ಬೇರನ್ನು ಕೊಳೆಸುತ್ತದೆ.

ಮುಚ್ಚಳ ಬಿಗಿಯಾದ ಪೆಟ್ಟಿಗೆಯನ್ನು ಟ್ರೇಗಿಂತ ಎತ್ತರದಲ್ಲಿ, ತಂತಿಗಳು ಕೆಳಗಿನಿಂದ ಒಳಹೋಗುವಂತೆ ಗೋಡೆಗೆ ಹೊಡೆಯಬೇಕು. ಜುಲೈ ತಿಂಗಳ ತೇವಕ್ಕೆ ತಾಮ್ರದ ಗೆರೆಗಳು ಹಸಿರುಗಟ್ಟುತ್ತವೆ, ಬೆಚ್ಚಗಿನ ಮೂಲೆ ಹುಡುಕಿ ಇರುವೆ, ಹಲ್ಲಿ ಒಳಸೇರುತ್ತವೆ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ತಿಂಗಳಿಗೊಮ್ಮೆ ಬದಲಿಸುವುದು ಒಳಿತು. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಚಾರ್ಜರ್‌ನ ಪ್ಲಗ್ ಕಿತ್ತಿಡುವುದಕ್ಕಿಂತ ಉತ್ತಮ ಸಿಡಿಲು ರಕ್ಷಣೆ ಬೇರಿಲ್ಲ. ಬ್ಯಾಟರಿ ಇರುವುದರಿಂದ ಗಿಡಕ್ಕೇನೂ ಕೊರತೆಯಾಗದು.

ಎಷ್ಟು ಸಲ ನೀರು?

ಪುಸ್ತಕದ ಅಂಕಿಗಳು ಇಲ್ಲಿ ಹಾಗೆಯೇ ಅನ್ವಯಿಸುವುದಿಲ್ಲ. ಬರಿಯ ಜಲ್ಲಿ ನೀರು ಹಿಡಿದಿಡದು. ಮಾರ್ಚ್ ಬಿಸಿಲಿನಲ್ಲಿ ಎರಡು ಗಂಟೆಗೊಮ್ಮೆ ನೀರು ಏರದಿದ್ದರೆ ಸೊಪ್ಪು ಬಾಡುತ್ತದೆ. ಜಲ್ಲಿಗೆ ಸಮಪಾಲು ತೆಂಗಿನ ನಾರಿನ ಪುಡಿ ಬೆರೆಸಿದರೆ ದಿನಕ್ಕೆ ಮೂರು ನಾಲ್ಕು ಬಾರಿ ಸಾಕು. ಬ್ಯಾಟರಿಯೂ ಕೈಕೊಟ್ಟ ದಿನ ಗಿಡವನ್ನು ಕಾಯುವುದು ಈ ಪುಡಿಯೇ. ಮಳೆಗಾಲದಲ್ಲಿ ಬಿಸಿಲಿಲ್ಲ, ಗಾಳಿಯಲ್ಲಿ ತೇವ ತುಂಬಿರುವುದರಿಂದ ಎಲೆ ಉಸಿರಾಡಿ ಕಳೆಯುವ ನೀರೂ ಅಲ್ಪ. ಒಂದೆರಡು ಸರದಿಗಿಂತ ಹೆಚ್ಚು ಕೊಡಬೇಕಿಲ್ಲ, ರಾತ್ರಿ ಬೇಡವೇ ಬೇಡ. ಗಡಿಯಾರದ ಐಸಿ ತಿಂಗಳನ್ನೂ ಬಲ್ಲದು. ಆದುದರಿಂದ ಬೇಸಿಗೆ, ಮಳೆಗಾಲಗಳಿಗೆ ಬೇರೆ ಬೇರೆ ವೇಳಾಪಟ್ಟಿಯನ್ನು ಒಮ್ಮೆಗೇ ಬರೆದಿಡಬಹುದು.

ಬೆಟ್ಟದ ಝರಿಯ ನೀರು ಬಹುಪಾಲು ಮೆದು. ಸುಣ್ಣದ ಅಂಶ ಅದರಲ್ಲಿ ಕಡಿಮೆ ಇರುವುದರಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಸೇರಿಸಬೇಕು. ಪಿಎಚ್ ಕೂಡ ಬೇಗ ಏರುಪೇರಾಗುತ್ತದೆ. ಅದು 5.5ರಿಂದ 6.5ರೊಳಗಿರಬೇಕು. ಗೊಬ್ಬರದ ಅಂಗಡಿಯ 19:19:19 ಒಂದನ್ನೇ ನೆಚ್ಚುವುದು ಸಾಮಾನ್ಯ ತಪ್ಪು. ಅದರಲ್ಲಿ ಕ್ಯಾಲ್ಸಿಯಂ ಇಲ್ಲ, ಸಾರಜನಕದ ಬಹುಭಾಗ ಯೂರಿಯಾ ರೂಪದಲ್ಲಿದ್ದು ನೀರಿನ ಬೇಸಾಯಕ್ಕೆ ಅಷ್ಟಾಗಿ ಒದಗದು. ಕ್ಯಾಲ್ಸಿಯಂ ನೈಟ್ರೇಟನ್ನು ಉಳಿದ ಲವಣಗಳೊಡನೆ ಗಟ್ಟಿಯಾಗಿ ಕಲಸಿದರೆ ತಳಕ್ಕೆ ಕೂರುತ್ತದೆ. ಬೇರೆ ಬೇರೆ ಕರಗಿಸಿ ಡ್ರಮ್ಮಿನಲ್ಲೇ ಸೇರಿಸಬೇಕು. ಹಳೆಯ ದ್ರಾವಣವನ್ನು ಹಳ್ಳಕ್ಕೆ ಬಿಡದೆ ಕಾಫಿ, ಅಡಿಕೆ ಬುಡಕ್ಕೆ ಹಾಕುವುದು ಲೇಸು. ಈ ಸೀಮೆಯ ಹಳ್ಳಗಳೆಲ್ಲ ಕೊನೆಗೆ ಸೇರುವುದು ಭದ್ರೆ, ಹೇಮಾವತಿ, ತುಂಗೆ, ನೇತ್ರಾವತಿಯಂತಹ ನದಿಗಳನ್ನೇ.

ಮೆಣಸಿನ ಬಳ್ಳಿಗೆ ಬೇಡ

ಟ್ರೇ ಚೆನ್ನಾಗಿ ಓಡತೊಡಗಿದ ಮೇಲೆ ಕಾಳುಮೆಣಸಿನ ಸಸಿಗಳನ್ನೂ ಅದರಲ್ಲೇ ಚಿಗುರಿಸುವ ಆಸೆ ಯಾವ ಬೆಳೆಗಾರನಿಗೂ ಬಾರದಿರದು. ಬಳ್ಳಿಗಳನ್ನು ನಾಶ ಮಾಡುವ ಶೀಘ್ರ ಸೊರಗು ರೋಗದ ಫೈಟಾಫ್ತೊರಾ ಎಂಬ ರೋಗಾಣುವಿನ ಬೀಜಾಣುಗಳು ನೀರಿನಲ್ಲಿ ಈಜುತ್ತವೆ. ಮಣ್ಣಿನಲ್ಲಿ ಒಂದು ಬುಡದಿಂದ ಇನ್ನೊಂದಕ್ಕೆ ನಿಧಾನವಾಗಿ ಹರಡುವ ರೋಗವನ್ನು, ಎಲ್ಲ ಬೇರುಗಳಿಗೂ ಒಂದೇ ನೀರು ಸುತ್ತಿಸುವ ಈ ಪದ್ಧತಿ ಒಂದೇ ದಿನದಲ್ಲಿ ಎಲ್ಲ ಸಸಿಗಳಿಗೂ ತಲುಪಿಸಬಲ್ಲದು. ಆ ಸಸಿಗಳು ತೋಟಕ್ಕೆ ಹೋದರೆ ನಷ್ಟ ಟ್ರೇಗೆ ಸೀಮಿತವಾಗದು. ಸೊಪ್ಪು, ಮೂಲಂಗಿಯ ಎಳೆ ಎಲೆ, ಪುದೀನದಂತಹವಕ್ಕೆ ಈ ವ್ಯವಸ್ಥೆಯನ್ನು ಮೀಸಲಿಟ್ಟು, ಎರಡು ಬೆಳೆಗಳ ನಡುವೆ ಟ್ರೇ, ಕೊಳವೆಗಳನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆಯಬೇಕು.

ಗಿಡ ನೆಡುವ ಮೊದಲು ಒಂದು ವಾರ ಬರಿಯ ನೀರಿನಲ್ಲಿ ಓಡಿಸಿ ನೋಡುವುದು ಅಗತ್ಯ. ನೀರು ಏರುತ್ತಿರುವಾಗಲೇ ಬ್ಯಾಟರಿ, ಚಾರ್ಜರ್ ಎರಡನ್ನೂ ಕಿತ್ತು, ಟ್ರೇ ಪೂರ್ತಿ ಬರಿದಾಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ಬರೆದುಕೊಳ್ಳಬೇಕು. ಫ್ಲೋಟ್ ತಂತಿಗಳನ್ನು ಒಂದೊಂದಾಗಿ ಬಿಡಿಸಿ ಪಂಪ್ ನಿಲ್ಲುವುದೇ ಎಂದು ಪರೀಕ್ಷಿಸಬೇಕು. ಕೊನೆಯದಾಗಿ, ರಿಲೇ ಅಂಟಿಕೊಂಡಿತೆಂದು ಭಾವಿಸಿ ಪಂಪನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿ ಒಂದು ಗಂಟೆ ಓಡಲು ಬಿಡಬೇಕು. ಆ ಒಂದು ಗಂಟೆಯಲ್ಲಿ ನೆಲ ಒದ್ದೆಯಾದರೆ ನಿಂತ ಕೊಳವೆ ಸಣ್ಣದಾಯಿತು ಎಂದರ್ಥ.