ಸುಳ್ಳು ಪತ್ತೆ, ಮಂಪರು ಮತ್ತು ಮಿದುಳು ಪರೀಕ್ಷೆಗಳು: ಅರ್ಜಿದಾರರಿಗೆ ಮಾಹಿತಿ

ಕಳವು, ನಾಪತ್ತೆ, ಅಸಹಜ ಸಾವು ಮುಂತಾದ ಪ್ರಕರಣಗಳಲ್ಲಿ ತಮಗೆ ಸಂಶಯವಿರುವ ವ್ಯಕ್ತಿಯನ್ನು ಮಂಪರು ಪರೀಕ್ಷೆಗೆ ಒಳಪಡಿಸಬೇಕೆಂದು ಕೋರಿ ಸಾರ್ವಜನಿಕರಿಂದ ಮನವಿಗಳು ಬರುತ್ತಿರುತ್ತವೆ. ಇನ್ನು ಕೆಲವರು ತಾವು ನಿರಪರಾಧಿಗಳೆಂದು ತೋರಿಸಲು ತಮ್ಮನ್ನೇ ಪರೀಕ್ಷಿಸುವಂತೆ ಕೋರುತ್ತಾರೆ. ಇಂತಹ ಮನವಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ. ಸದರಿ ಪರೀಕ್ಷೆಗಳನ್ನು ಯಾರ ಮೇಲೂ ಅವರ ಒಪ್ಪಿಗೆಯಿಲ್ಲದೆ ನಡೆಸುವಂತಿಲ್ಲ. ಒಪ್ಪಿಗೆ ಪಡೆದು ನಡೆಸಿದರೂ ಅವುಗಳ ಫಲಿತಾಂಶವು ತಾನಾಗಿಯೇ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದಿಲ್ಲ.

ಪರೀಕ್ಷೆಗಳ ಸ್ವರೂಪ

ಸುಳ್ಳು ಪತ್ತೆ ಪರೀಕ್ಷೆಯಲ್ಲಿ (ಪಾಲಿಗ್ರಾಫ್) ಪ್ರಶ್ನೆಗಳಿಗೆ ಉತ್ತರಿಸುವಾಗ ವ್ಯಕ್ತಿಯ ಉಸಿರಾಟ, ರಕ್ತದೊತ್ತಡ, ನಾಡಿಬಡಿತ ಹಾಗೂ ಬೆವರಿನಿಂದ ಚರ್ಮದಲ್ಲಾಗುವ ಬದಲಾವಣೆಯನ್ನು ದಾಖಲಿಸಲಾಗುತ್ತದೆ. ಯಂತ್ರವು ಸುಳ್ಳನ್ನು ಅಳೆಯುವುದಿಲ್ಲ, ಉದ್ವೇಗವನ್ನು ಅಳೆಯುತ್ತದೆ. ಪೊಲೀಸ್ ಠಾಣೆಯ ಮೆಟ್ಟಿಲನ್ನೇ ಹತ್ತದವರಿಗೆ ಅಲ್ಲಿ ಕುಳಿತಾಗ ಎದೆ ಬಡಿದುಕೊಳ್ಳುವುದು ಸಹಜವೆಂಬುದನ್ನು ಇಲ್ಲಿ ನೆನಪಿಡಬೇಕು. ಮಂಪರು ಪರೀಕ್ಷೆಯಲ್ಲಿ ಸೋಡಿಯಂ ಪೆಂಟೊಥಾಲ್ ಎಂಬ ಅರಿವಳಿಕೆ ಔಷಧಿಯನ್ನು ರಕ್ತನಾಳಕ್ಕೆ ನೀಡಿ, ಅರೆಪ್ರಜ್ಞಾವಸ್ಥೆಯಲ್ಲಿ ಪ್ರಶ್ನೆ ಕೇಳಲಾಗುತ್ತದೆ. ಮಿದುಳು ಪರೀಕ್ಷೆಯಲ್ಲಿ ತಲೆಗೆ ವಿದ್ಯುದಗ್ರಗಳನ್ನು ಜೋಡಿಸಿ, ಅಪರಾಧಕ್ಕೆ ಸಂಬಂಧಿಸಿದ ಮಾತು ಅಥವಾ ಚಿತ್ರಕ್ಕೆ ಮಿದುಳು ನೀಡುವ ವಿದ್ಯುತ್ ಪ್ರತಿಕ್ರಿಯೆಯನ್ನು ನೋಡಲಾಗುತ್ತದೆ.

ರಕ್ತ, ಕೂದಲು, ಡಿಎನ್ಎ, ಬೆರಳಚ್ಚು ಮುಂತಾದ ಭೌತಿಕ ಮಾದರಿಗಳ ಪರೀಕ್ಷೆಗೆ ಪ್ರತ್ಯೇಕ ಕಾನೂನು ಇದ್ದು, ಅವು ಈ ಪುಟದ ವ್ಯಾಪ್ತಿಗೆ ಬರುವುದಿಲ್ಲ.

ಸಂಶೋಧನೆಯಿಂದ ತಿಳಿದುಬಂದಿರುವುದು

ಅಪರಾಧ ಮನೋವಿಜ್ಞಾನದ ಅಧ್ಯಯನಗಳು ಈ ಪರೀಕ್ಷೆಗಳ ಬಗ್ಗೆ ಜನಸಾಮಾನ್ಯರಲ್ಲಿರುವಷ್ಟು ವಿಶ್ವಾಸವನ್ನು ತೋರಿಸಿಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು 2003ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನಿರ್ದಿಷ್ಟ ಘಟನೆಯೊಂದರ ಬಗ್ಗೆ ನಡೆಸುವ ಸುಳ್ಳು ಪತ್ತೆ ಪರೀಕ್ಷೆಯು ಕೇವಲ ಊಹೆಗಿಂತ ಗಣನೀಯವಾಗಿ ಉತ್ತಮ, ಆದರೆ ನಿಖರತೆಯಿಂದ ಬಹಳ ದೂರ. ಅದೇ ವರದಿಯಲ್ಲಿರುವ ಒಂದು ಮಾದರಿ ಲೆಕ್ಕವನ್ನು ಅರ್ಜಿದಾರರು ಗಮನಿಸತಕ್ಕದ್ದು. 10,000 ನೌಕರರ ಪೈಕಿ 10 ಮಂದಿ ಗೂಢಚಾರರಿದ್ದಾರೆಂದು ಭಾವಿಸೋಣ. ಗೂಢಚಾರರಲ್ಲಿ ಶೇ. 80ರಷ್ಟು ಮಂದಿ ಸಿಕ್ಕಿಬೀಳುವಂತೆ ಪರೀಕ್ಷೆಯನ್ನು ಹೊಂದಿಸಿದರೆ 8 ಮಂದಿ ಸಿಗುತ್ತಾರೆ. ಆದರೆ ಅವರೊಂದಿಗೆ 1,598 ನಿರಪರಾಧಿಗಳೂ ಅನುತ್ತೀರ್ಣರಾಗುತ್ತಾರೆ. ಅಂದರೆ ಒಬ್ಬ ತಪ್ಪಿತಸ್ಥನಿಗೆ ಸುಮಾರು 200 ನಿರಪರಾಧಿಗಳು, ಜೊತೆಗೆ ಇಬ್ಬರು ಗೂಢಚಾರರು ಉತ್ತೀರ್ಣರಾಗಿ ಹೊರನಡೆಯುತ್ತಾರೆ. ಲೆಕ್ಕಪತ್ರ ನೋಡಿ ಅಭ್ಯಾಸವಿರುವ ಯಾರೂ ಇಂತಹ ತಃಖ್ತೆಗೆ ಸಹಿ ಹಾಕಲಾರರು. ಕಚೇರಿಯಲ್ಲಿ ಹಣ ಕಾಣೆಯಾಯಿತೆಂದು ಎಲ್ಲ ಸಿಬ್ಬಂದಿಯನ್ನೂ ಪರೀಕ್ಷೆಗೆ ಒಳಪಡಿಸುವಂತೆ ಕೋರುವವರು ಈ ಅಂಕಿಗಳನ್ನು ಮತ್ತೊಮ್ಮೆ ಓದುವುದು ಒಳಿತು.

ಮಂಪರಿನಲ್ಲಿ ಮನುಷ್ಯ ಸತ್ಯವನ್ನೇ ನುಡಿಯುತ್ತಾನೆ ಎಂಬ ನಂಬಿಕೆಯನ್ನೂ ಸಂಶೋಧನೆ ಬೆಂಬಲಿಸುವುದಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 1951ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 9 ಮಂದಿಗೆ ಒಂದು ಕಟ್ಟುಕಥೆಯನ್ನು ಸಿದ್ಧಪಡಿಸಿಕೊಳ್ಳಲು ತಿಳಿಸಿ, ನಂತರ ಇದೇ ಬಗೆಯ ಔಷಧಿ ನೀಡಿ ಪ್ರಶ್ನಿಸಲಾಯಿತು. ಕೆಲವರು ಮಂಪರಿನಲ್ಲೂ ತಮ್ಮ ಕಟ್ಟುಕಥೆಯನ್ನು ಬಿಡಲಿಲ್ಲ. ಮನಸ್ಸು ಗಟ್ಟಿಯಿದ್ದವರು ಸುಳ್ಳನ್ನು ಉಳಿಸಿಕೊಳ್ಳಬಲ್ಲರು, ತಪ್ಪಿತಸ್ಥ ಭಾವನೆಯಿಂದ ಬಳಲುವವರು ಮಾಡದ ತಪ್ಪನ್ನೂ ಒಪ್ಪಿಕೊಳ್ಳಬಲ್ಲರು ಎಂಬುದು ಅದರಿಂದ ಕಂಡುಬಂದ ಸಂಗತಿ. ಔಷಧಿಯ ಪ್ರಭಾವದಲ್ಲಿರುವವರು ಪ್ರಶ್ನೆಯೊಳಗೆ ಅಡಗಿರುವ ಸೂಚನೆಯನ್ನೇ ಉತ್ತರವಾಗಿ ಹೇಳುವ ಸಂಭವವೂ ಇದೆ.

ಮಿದುಳು ಪರೀಕ್ಷೆಯ ವಿಷಯದಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ವಿಶೇಷ ಸಂಬಂಧವಿದೆ. ಈ ಪರೀಕ್ಷೆಯ ಭಾರತೀಯ ವಿಧಾನವನ್ನು ರೂಪಿಸಿದವರು ಆ ಸಂಸ್ಥೆಯ ಮಾಜಿ ಪ್ರಾಧ್ಯಾಪಕ ಡಾ. ಸಿ.ಆರ್. ಮುಕುಂದನ್. ಅದನ್ನು ಪರಿಶೀಲಿಸಲು ಕೇಂದ್ರ ಸರ್ಕಾರದ ವಿಧಿವಿಜ್ಞಾನ ನಿರ್ದೇಶನಾಲಯ ರಚಿಸಿದ ತಜ್ಞರ ಸಮಿತಿಯ ಅಧ್ಯಕ್ಷರು ನಿಮ್ಹಾನ್ಸ್‌ನ ಅಂದಿನ ನಿರ್ದೇಶಕ ಡಾ. ಡಿ. ನಾಗರಾಜ. ವಿಧಾನಕ್ಕೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲ, ತನಿಖೆಯಲ್ಲಿಯೂ ಸಾಕ್ಷ್ಯವಾಗಿಯೂ ಬಳಸುವುದನ್ನು ನಿಲ್ಲಿಸಬೇಕು ಎಂದು ಸಮಿತಿಯು 2008ರಲ್ಲಿ ಅಭಿಪ್ರಾಯಪಟ್ಟಿತು. ಅದೇ ವರ್ಷ ಪುಣೆಯ ಸೆಷನ್ಸ್ ನ್ಯಾಯಾಲಯವೊಂದು ಕೊಲೆ ಪ್ರಕರಣದಲ್ಲಿ ಶಿಕ್ಷೆ ವಿಧಿಸುವಾಗ ಇಂತಹ ಪರೀಕ್ಷೆಯ ವರದಿಯನ್ನೂ ಪರಿಗಣಿಸಿತ್ತು ಎಂಬುದರಿಂದ ವಿಷಯದ ಗಾಂಭೀರ್ಯ ತಿಳಿಯುತ್ತದೆ.

ಕಾನೂನಿನ ಸ್ಥಿತಿ

ಶ್ರೀಮತಿ ಸೆಲ್ವಿ ಮತ್ತು ಇತರರು ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು ದಿನಾಂಕ 05-05-2010ರಂದು ತೀರ್ಪು ನೀಡಿದೆ. ಒತ್ತಾಯದ ಪರೀಕ್ಷೆಯು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯದಿರುವ ಹಕ್ಕನ್ನು (ಸಂವಿಧಾನದ 20(3)ನೇ ಅನುಚ್ಛೇದ) ಹಾಗೂ ವೈಯಕ್ತಿಕ ಸ್ವಾತಂತ್ರ್ಯವನ್ನು (21ನೇ ಅನುಚ್ಛೇದ) ಉಲ್ಲಂಘಿಸುತ್ತದೆ ಎಂದು ಪೀಠವು ತೀರ್ಮಾನಿಸಿತು. ಈ ನಿರ್ಬಂಧವು ಅಪರಾಧ ತನಿಖೆಗಷ್ಟೇ ಸೀಮಿತವಲ್ಲ. ಬೇರೆ ಯಾವುದೇ ಸಂದರ್ಭಕ್ಕೂ ಅನ್ವಯಿಸುತ್ತದೆ. ಸ್ವಇಚ್ಛೆಯಿಂದ ಪರೀಕ್ಷೆಗೆ ಒಳಗಾದವರ ಹೇಳಿಕೆಯಿಂದ ಮುಂದೆ ಯಾವುದಾದರೂ ವಸ್ತು ಅಥವಾ ಸಂಗತಿ ಪತ್ತೆಯಾದಲ್ಲಿ ಅದನ್ನು ಮಾತ್ರ ಸಾಕ್ಷ್ಯ ಅಧಿನಿಯಮದ 27ನೇ ಕಲಮಿನಡಿ ಪರಿಗಣಿಸಬಹುದು. ದಿನಾಂಕ 01-07-2024ರಿಂದ ಈ ಉಪಬಂಧವು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 23ನೇ ಕಲಮಿನಲ್ಲಿದೆ.

ತಮ್ಮನ್ನೇ ಪರೀಕ್ಷಿಸುವಂತೆ ಕೋರುವ ಆರೋಪಿಗಳ ಬಗ್ಗೆ ಅಮ್ಲೇಶ್ ಕುಮಾರ್ ವಿರುದ್ಧ ಬಿಹಾರ ರಾಜ್ಯ ಪ್ರಕರಣದ 2025ರ ಜೂನ್ ತೀರ್ಪು ಸ್ಪಷ್ಟವಾಗಿದೆ. ಪರೀಕ್ಷೆಯನ್ನು ಹಕ್ಕಾಗಿ ಕೇಳುವಂತಿಲ್ಲ. ವಿಚಾರಣೆಯ ಸೂಕ್ತ ಹಂತದಲ್ಲಿ ನ್ಯಾಯಾಲಯದ ಅನುಮತಿ ಪಡೆಯಬೇಕು. ಅಂತಹ ವರದಿಯೊಂದನ್ನೇ ಆಧರಿಸಿ ಶಿಕ್ಷೆ ವಿಧಿಸಲೂ ಆಗದು.

ಒಪ್ಪಿಗೆ ಕೇಳಿದಾಗ

ತನಿಖಾಧಿಕಾರಿಯು ನಿಮ್ಮ ಒಪ್ಪಿಗೆ ಕೇಳಿದಲ್ಲಿ "ಇಲ್ಲ" ಎನ್ನಲು ನಿಮಗೆ ಪೂರ್ಣ ಅಧಿಕಾರವಿದೆ. ಒಪ್ಪುವುದಾದರೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2000ದ ಮಾರ್ಗಸೂಚಿಗಳು ಅನ್ವಯಿಸುತ್ತವೆ. ಅವುಗಳನ್ನು ಸುಳ್ಳು ಪತ್ತೆ ಪರೀಕ್ಷೆಗಾಗಿ ರೂಪಿಸಲಾಗಿದ್ದರೂ ಉಳಿದ ಎರಡಕ್ಕೂ ಅಂತಹುದೇ ರಕ್ಷಣೆ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯ ಸೂಚಿಸಿದೆ. ಅದರಂತೆ ಒಪ್ಪಿಗೆಯನ್ನು ಠಾಣೆಯಲ್ಲಿ ಅಲ್ಲ, ನ್ಯಾಯಿಕ ದಂಡಾಧಿಕಾರಿಗಳ ಮುಂದೆ ದಾಖಲಿಸತಕ್ಕದ್ದು. ಆ ಸಮಯದಲ್ಲಿ ವಕೀಲರು ಜೊತೆಗಿರಬೇಕು. ಪರೀಕ್ಷೆಯ ದೈಹಿಕ, ಮಾನಸಿಕ ಮತ್ತು ಕಾನೂನಾತ್ಮಕ ಪರಿಣಾಮಗಳನ್ನು ಮುಂಚಿತವಾಗಿ ವಿವರಿಸಿರಬೇಕು. ಪರೀಕ್ಷೆಯನ್ನು ಸ್ವತಂತ್ರ ಸಂಸ್ಥೆಯೊಂದು ವಕೀಲರ ಸಮ್ಮುಖದಲ್ಲಿ ನಡೆಸಬೇಕು. ಖಾಲಿ ಕಾಗದಕ್ಕೆ ಅಥವಾ ಓದಿ ಹೇಳದ ಪತ್ರಕ್ಕೆ ಸಹಿ ಮಾಡಬಾರದು.

ದೂರುದಾರರಿಗೆ ಲಭ್ಯವಿರುವ ಮಾರ್ಗ

ತನಿಖೆ ಸಾಗುತ್ತಿಲ್ಲವೆಂಬ ನೋವಿನಿಂದಲೇ ಅನೇಕರು ಮಂಪರು ಪರೀಕ್ಷೆಯ ಮಾತನ್ನು ಎತ್ತುತ್ತಾರೆ ಎಂಬುದು ಮನವಿಗಳನ್ನು ಓದಿದಾಗ ಅರಿವಾಗುತ್ತದೆ. ಮಗಳು ಮನೆಗೆ ಮರಳದೆ ತಿಂಗಳುಗಳು ಕಳೆದ ತಂದೆಗೆ ಬೇರೆ ದಾರಿ ತೋಚದಿರುವುದು ಸಹಜ. ಅಂತಹವರಿಗೆ ಕಾನೂನಿನಲ್ಲಿ ಬೇರೆ ದಾರಿಗಳಿವೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193(3)ನೇ ಕಲಮಿನ ಪ್ರಕಾರ ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ಅಥವಾ ನೊಂದವರಿಗೆ ತಿಳಿಸುವುದು ಪೊಲೀಸರ ಕರ್ತವ್ಯ. ಅದನ್ನು ಲಿಖಿತವಾಗಿ ಕೇಳಬಹುದು. ಠಾಣೆಯಲ್ಲಿ ದೂರು ದಾಖಲಿಸಲು ನಿರಾಕರಿಸಿದಲ್ಲಿ 173(4)ನೇ ಕಲಮಿನಡಿ ಅಂಚೆಯ ಮೂಲಕ ಪೊಲೀಸ್ ಅಧೀಕ್ಷಕರಿಗೆ, ಅಲ್ಲಿಯೂ ಕ್ರಮವಾಗದಿದ್ದಲ್ಲಿ ದಂಡಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬಹುದು. ಅಂಚೆ ರಸೀತಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು.

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಅಥವಾ ದೂರವಾಣಿ ಸಂಖ್ಯೆ 15100 ಅನ್ನು ಸಂಪರ್ಕಿಸಬಹುದು.