ಕೊಚ್ಚಿ–ಅಗತ್ತಿ ವಾಯುಮಾರ್ಗ

ಕೊಚ್ಚಿ–ಅಗತ್ತಿ ವಾಯುಮಾರ್ಗವು ಕೇರಳದ ಕೊಚ್ಚಿ ನಗರವನ್ನು ಅರಬ್ಬೀ ಸಮುದ್ರದಲ್ಲಿರುವ ಲಕ್ಷದ್ವೀಪದ ಅಗತ್ತಿ ದ್ವೀಪದೊಂದಿಗೆ ಜೋಡಿಸುವ ವಿಮಾನಮಾರ್ಗವಾಗಿದೆ. ಎರಡರ ನಡುವಿನ ನೇರ ಅಂತರ ಸುಮಾರು 460 ಕಿ.ಮೀ. ವಿಮಾನಕ್ಕೆ ಸಾಮಾನ್ಯವಾಗಿ ಒಂದೂಕಾಲರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೊರಡುವ ಪ್ರಯಾಣಿಕರ ಹಡಗುಗಳಿಗೆ ಬೇಕಾಗುವ ಕಾಲ ದ್ವೀಪವನ್ನು ಅವಲಂಬಿಸಿ 14ರಿಂದ 18 ಗಂಟೆ.

ದೂರ

ಅಧಿಕೃತವಾಗಿ ಹೇಳುವ 459 ಕಿ.ಮೀ. (248 ನಾಟಿಕಲ್ ಮೈಲಿ) ಕೊಚ್ಚಿ ಬಂದರು ಪ್ರದೇಶದಿಂದ ಎಣಿಸಿದ್ದು. ವಿಮಾನ ನಿಲ್ದಾಣವು ನಗರದ ಈಶಾನ್ಯಕ್ಕೆ ನೆಡುಂಬಾಶ್ಶೇರಿಯಲ್ಲಿರುವುದರಿಂದ ನಿಲ್ದಾಣದಿಂದ ನಿಲ್ದಾಣಕ್ಕೆ ಅಳೆದರೆ ಅಂತರ 470 ಕಿ.ಮೀ.ಗೆ ಸಮೀಪಿಸುತ್ತದೆ. ಬೇರೆ ಬೇರೆ ಕಡೆ ಬೇರೆ ಬೇರೆ ಅಂಕಿಗಳು ಕಾಣುವುದಕ್ಕೆ ಮುಖ್ಯ ಕಾರಣ ಇದೇ. ಯಾವ ಬಿಂದುವಿನಿಂದ ಅಳೆದದ್ದು ಎಂಬುದನ್ನು ವಿದ್ಯಾರ್ಥಿಗಳು ಮೊದಲು ಗಮನಿಸಬೇಕು.

ಹಾರಾಟದ ಕಾಲ

ಈ ಮಾರ್ಗದಲ್ಲಿ ಹಾರುವ ಎಟಿಆರ್ ಮಾದರಿಯ ಟರ್ಬೊಪ್ರಾಪ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಬರಿಯ ಭಾಗಾಕಾರದಿಂದ ಒಂದು ಗಂಟೆಗೂ ಕಡಿಮೆ ಉತ್ತರ ಬರುತ್ತದೆ. ಆದರೆ ಮೇಲೇರುವಾಗಲೂ ಇಳಿಯುವಾಗಲೂ ವೇಗ ಕಡಿಮೆಯಿರುತ್ತದೆ. ನೆಲದ ಮೇಲಿನ ಓಡಾಟಕ್ಕೂ ಕಾಲ ಬೇಕು. ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಪಶ್ಚಿಮದಿಂದ ಗಂಟೆಗೆ 40 ಕಿ.ಮೀ. ಗಾಳಿ ಬೀಸುತ್ತಿದ್ದರೆ ಹೋಗುವಾಗ 61 ನಿಮಿಷ ಹಿಡಿಯುವ ಅದೇ ಆಕಾಶದ ದಾರಿ ಬರುವಾಗ 52 ನಿಮಿಷಕ್ಕೆ ಮುಗಿಯುತ್ತದೆ.

ಹೆಚ್ಚು ವೇಗದ ದೊಡ್ಡ ಜೆಟ್ ವಿಮಾನಗಳು ಇಲ್ಲಿಗೆ ಬಾರದಿರುವುದಕ್ಕೆ ದ್ವೀಪದ ಆಕಾರವೇ ಕಾರಣ. ಅಗತ್ತಿಯು ಏಳೂವರೆ ಕಿ.ಮೀ. ಉದ್ದದ, ಅತಿ ಅಗಲವಾದ ಕಡೆ ಒಂದು ಕಿ.ಮೀ. ಇರುವ ಹವಳದ ನೆಲ. 1988ರಲ್ಲಿ ಆರಂಭವಾದ ನಿಲ್ದಾಣದ ರನ್‌ವೇ ಅದರ ದಕ್ಷಿಣದ ಕಿರಿದಾದ ತುದಿಯಲ್ಲಿದೆ. ಉದ್ದ ಸುಮಾರು 1,200 ಮೀಟರ್ ಮಾತ್ರ, ಎರಡೂ ಬದಿಗೆ ಕಡಲು. ಎಟಿಆರ್ ವಿಮಾನವೂ ಇಲ್ಲಿ ಪೂರ್ಣ ಭಾರದೊಡನೆ ಮೇಲೇರಲಾರದು. ಇಳಿಯಲು ಹವೆ ಅನುಕೂಲಿಸದಿದ್ದರೆ ಲಕ್ಷದ್ವೀಪದಲ್ಲಿ ಇನ್ನೊಂದು ವಿಮಾನ ನಿಲ್ದಾಣವಿಲ್ಲ, ಮುಖ್ಯಭೂಮಿಗೇ ಮರಳಬೇಕು. ಅದಕ್ಕೆ ಬೇಕಾದ ಇಂಧನವನ್ನೂ ಹೊತ್ತೊಯ್ಯಬೇಕು. ಇಂಧನ ಹೆಚ್ಚಿದಷ್ಟೂ ಪ್ರಯಾಣಿಕರಿಗೂ ಸರಕಿಗೂ ಉಳಿಯುವ ಭಾರ ಕಡಿಮೆಯಾಗುತ್ತದೆ.

ದ್ವೀಪವಾಸಿಗಳಿಗೆ ಇದು ಬರಿಯ ಅನುಕೂಲದ ಮಾತಲ್ಲ. ಹೆಚ್ಚಿನ ಚಿಕಿತ್ಸೆ ಬೇಕಾದ ರೋಗಿಗಳನ್ನು ಕೊಚ್ಚಿಗೆ ಸಾಗಿಸಬೇಕಾಗುತ್ತದೆ. ರಾಜಧಾನಿ ಕವರತ್ತಿಯಲ್ಲಿಯೂ ವಿಮಾನ ನಿಲ್ದಾಣವಿಲ್ಲದ ಕಾರಣ ಅಲ್ಲಿಯವರು ಹೆಲಿಕಾಪ್ಟರನ್ನೋ ದೋಣಿಯನ್ನೋ ಹಿಡಿದು ಮೊದಲು ಅಗತ್ತಿಗೆ ಬರಬೇಕು. ಮುಂಗಾರಿನಲ್ಲಿ ಕಡಲು ಕೆರಳಿದಾಗ ಸಣ್ಣ ದೋಣಿಗಳ ಸಂಚಾರ ನಿಲ್ಲುತ್ತದೆ. ಆಗ ಒಂದೂವರೆ ಗಂಟೆ ಎಂಬ ಅಂಕಿ ಅಗತ್ತಿಯವರೆಗೆ ತಲುಪಬಲ್ಲವರಿಗೆ ಮಾತ್ರ ಅನ್ವಯಿಸುತ್ತದೆ.

ಕರ್ನಾಟಕದ ಸಂಬಂಧ

ಭೂಪಟದಲ್ಲಿ ಅಳೆದರೆ ಅಗತ್ತಿಗೆ ಕೊಚ್ಚಿಗಿಂತ ಮಂಗಳೂರೇ ಹತ್ತಿರ, ಸುಮಾರು 370 ಕಿ.ಮೀ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಅಲ್ಲಿನ ತೆಂಗಿನ ನಾರು ಹಾಯಿಹಡಗುಗಳಲ್ಲಿ ಮಂಗಳೂರಿಗೆ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಆದರೂ ವಾಯುಸಂಪರ್ಕ ಮೊದಲು ಬೆಳೆದದ್ದು ಕೊಚ್ಚಿಯೊಂದಿಗೆ. ಬೆಂಗಳೂರಿನಿಂದ ಅಗತ್ತಿಗೆ, ಸುಮಾರು 650 ಕಿ.ಮೀ. ದೂರಕ್ಕೆ, ಇಂಡಿಗೊ ಸಂಸ್ಥೆಯು 2024ರ ಮಾರ್ಚ್ 31ರಂದು ನೇರ ವಿಮಾನ ಆರಂಭಿಸಿತು.

ಯಾವ ಊರಿನಿಂದ ಹೊರಟರೂ ದ್ವೀಪವಾಸಿಗಳಲ್ಲದ ಪ್ರವಾಸಿಗರು ಲಕ್ಷದ್ವೀಪ ಆಡಳಿತದ ಪ್ರವೇಶ ಪರವಾನಗಿಯನ್ನು ಮುಂಚಿತವಾಗಿ ಪಡೆದಿರಬೇಕು.